ತಾಮ್ರ ಹೊದ್ದ ಮೇಲೆ ಬಲಕ್ಕೆ ವಾಲಿದ ಅಡ್ಡೆ

ನಮ್ಮೂರಿನ ಅಮ್ಮ ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಎರಡು ಉದ್ದನೆಯ ಕೋಲುಗಳ ನಡುವೆ ಹಲಸಿನ ಮರದ ಪೀಠ, ಪೀಠದ ಮೇಲೆ ಅಮ್ಮನ ಮುಖ. ಇದನ್ನು ಅಡ್ಡೆ ಎನ್ನುತ್ತೇವೆ. ಪ್ರತಿ ಸೋಮವಾರ ಇಬ್ಬರು ಅದನ್ನು ಹೆಗಲ ಮೇಲೆ ಹೊತ್ತು, ಕೇಳುವವರ ಮನೆ ಮುಂದೆ ನಿಲ್ಲುತ್ತಾರೆ. ಹೊತ್ತವರ ಬಲಕ್ಕೆ ವಾಲಿದರೆ ಒಪ್ಪಿಗೆ, ಎಡಕ್ಕೆ ವಾಲಿದರೆ ಬೇಡ. ಹಿಂದೆ ಹೊರುವವನು ನಾನು, ಮುಂದೆ ನನ್ನ ಚಿಕ್ಕಪ್ಪನ ಮಗ. ಇಷ್ಟು ವರ್ಷಗಳಲ್ಲಿ ಅದನ್ನು ನಾನು ವಾಲಿಸಿಲ್ಲ. ತಾನೂ ವಾಲಿಸಿಲ್ಲ ಎಂದು ಅವನು ಹೇಳುತ್ತಾನೆ.

ಪೀಠಕ್ಕೆ ತಾಮ್ರದ ತಗಡು ಹೊದಿಸಬೇಕೆಂದು ಊರವರು ತೀರ್ಮಾನಿಸಿದಾಗ, ಅಳತೆ ತಪ್ಪುವವನಲ್ಲ ಎಂದು ನನ್ನನ್ನೇ ಚನ್ನರಾಯಪಟ್ಟಣದ ಆಚಾರ್ರ ಹತ್ತಿರ ಕಳಿಸಿದರು. ನಾಲ್ಕು ದಿನ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದೆ. ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಮೆದುವಾಗುತ್ತದೆ. ರಾಳ ಹಚ್ಚಿದ ಹಲಗೆಯ ಮೇಲೆ ಬೋರಲು ಹಾಕಿ, ಹಿಂದಿನಿಂದ ಸಣ್ಣ ಉಳಿಯಲ್ಲಿ ಬಡಿಯುತ್ತಾ ಹೋದರೆ ಮುಂದೆ ಬಳ್ಳಿ, ಹೂವು, ಗಿಳಿ ಉಬ್ಬಿಕೊಳ್ಳುತ್ತವೆ. ಆಮೇಲೆ ಅದನ್ನು ಮರಕ್ಕೆ ಒತ್ತಿ, ಅಂಚು ಮಡಿಸಿ, ಚಿಕ್ಕ ಮೊಳೆ ಹೊಡೆಯುತ್ತಾರೆ.

ಪೀಠದ ಬಲಮಗ್ಗುಲಲ್ಲಿ ಬಿರುಕಿತ್ತು. ಅದರ ಮೇಲೆ ಆಚಾರ್ರು ಒಳಪದರವಾಗಿ ದಪ್ಪನೆಯ ತಾಮ್ರದ ಪಟ್ಟಿ ಕೂರಿಸಿದರು. ಎಡಕ್ಕೂ ಅಂಥದ್ದೇ ಒಂದನ್ನು ಕತ್ತರಿಸತೊಡಗಿದಾಗ ನಾನು ಬಾಯಿ ಹಾಕಿದೆ.

"ಆ ಕಡೆ ಬಿರುಕೇ ಇಲ್ವಲ್ಲ ಆಚಾರ್ರೇ?"

"ಎಗಲ್ ಮ್ಯಾಲೆ ಓಗೋ ವಸ್ತು ಸಾ. ಎರಡೂ ಕಡೆ ಒಂದೇ ತೂಕ ಇರ್ಬೇಕು."

"ಬಿರುಕಿಲ್ದಿರೋ ಕಡೆ ಸುಮ್ನೆ ಯಾಕೆ? ಬ್ಯಾಡ ಬುಡಿ."

ಅವರು ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಎಗಲ್ ಮ್ಯಾಲೆ ಒರೋರು ನೀವು. ನಿಮ್ಮಿಷ್ಟ."

ಆಮೇಲಿನ ಮೂರು ಸೋಮವಾರ ಅಮ್ಮ ಯಾರಿಗೂ ಬೇಡ ಎನ್ನಲಿಲ್ಲ. ಮನೆಬಾಗಿಲನ್ನು ಮೂಡಣಕ್ಕೆ ತಿರುಗಿಸಲೇ ಎಂದು ಕೇಳಿದವನಿಗೆ ಒಪ್ಪಿಗೆ ಸಿಕ್ಕಿತು. ಅನುಮಾನದಿಂದ ಪಡುವಣಕ್ಕೆ ತಿರುಗಿಸಲೇ ಎಂದು ಮತ್ತೆ ಕೇಳಿದ, ಅದಕ್ಕೂ ಒಪ್ಪಿಗೆ.

"ತಾಮ್ರ ಉಡ್ಸಿದ್ ಮ್ಯಾಲೆ ಅಮ್ಮ ಬಲೇ ಕುಸಿಯಾಗವ್ಳೆ ಕಣಣ್ಣಾ," ಎಂದ ಚಿಕ್ಕಪ್ಪನ ಮಗ. ನನಗೆ ನಗು ಬರಲಿಲ್ಲ. ಬಲಗಡೆಯ ಆ ಪಟ್ಟಿಯ ಭಾರ ನನ್ನ ಹೆಗಲಿಗೆ ಗೊತ್ತಿತ್ತು. ಆಚಾರ್ರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಸಾಕಷ್ಟು ನಕ್ಕು, ಭಾನುವಾರ ಬಂದು ಎಡಕ್ಕೂ ಪಟ್ಟಿ ಹಾಕಿಕೊಡುತ್ತೇನೆ ಎಂದರು.

ವಿಷಯವನ್ನು ಅಕ್ಕನಿಗೆ ಮಾತ್ರ ಹೇಳಿದೆ. ಅವಳನ್ನು ಊರಲ್ಲೇ ಕೊಟ್ಟಿದೆ. ಅವಳ ಮಗಳು ಹಳ್ಳಿಮೈಸೂರಿನ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಅಕ್ಕನಿಗೂ ಅವನು ಹಿಡಿಸಿದ್ದ. ಆದರೆ ಆ ಮನೆಯಲ್ಲಿ ನಡೆಯುವುದು ಭಾವನ ಅಣ್ಣ, ಅಂದರೆ ದೊಡ್ಡ ಭಾವನ ಮಾತು. ಅಮ್ಮ ಒಪ್ಪದೆ ಹೆಣ್ಣು ಕೊಡುವ ಮನೆ ನಮ್ಮದಲ್ಲ ಎಂದು ಅವರು ಹೇಳಿಬಿಟ್ಟಿದ್ದರು. ಬರುವ ಸೋಮವಾರ ಕೇಳುವುದೆಂದು ಗೊತ್ತಾಗಿತ್ತು.

"ಭಾನುವಾರ ಸರಿ ಮಾಡಿಸ್ತೀನಿ ಕಣಕ್ಕ. ಆಮೇಲ್ ಕೇಳು. ಇಂಗೇ ಕೇಳುದ್ರೆ ಮೋಸ ಆಯ್ತದೆ," ಎಂದೆ.

"ಸರಿ ಮಾಡಿಸ್ದ್ ಮ್ಯಾಲೆ ಎಡಕ್ ವಾಲುದ್ರೆ, ನೀನ್ ಬಂದು ನನ್ ಮಗ್ಳ ಕಣ್ಣೀರ್ ಒರುಸ್ತೀಯೇನ್ಲಾ? ಆಚಾರ್ರಿಗೆ ಒಂದ್ವಾರ ಬುಟ್ಟು ಬರೋಕೇಳು."

"ಅಮ್ಮಂಗೆ ಗೊತ್ತಾಗಲ್ವಾ?"

"ಅಮ್ಮಂಗೆ ಎಲ್ಲಾ ಗೊತ್ತು. ಒಂದ್ ಪಟ್ಟಿ ಹಾಕ್ಸಕ್ ಗೊತ್ತಾಗ್ದೇ ಓಗಿದ್ದು ನಿಂಗೆ."

ಆಚಾರ್ರಿಗೆ ಮತ್ತೆ ಫೋನ್ ಮಾಡಿ, ಒಂದು ವಾರ ತಡೆದು ಬನ್ನಿ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ನಾನು ಏನು ಮಾಡಿದೆನೋ ಅದನ್ನಷ್ಟೇ ಬರೆಯುತ್ತೇನೆ. ಆ ಪಟ್ಟಿ ಎಷ್ಟು ತೂಗಬಹುದೋ ಅಷ್ಟರ ಮಟ್ಟಿಗೆ ಬಲಗಡೆಯ ಕೋಲನ್ನು ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದೆ. ಅದಕ್ಕಿಂತ ಹೆಚ್ಚಲ್ಲ. ಎರಡೂ ಕಡೆ ಸಮ ಆಗಲಿ ಎನ್ನುವುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅಕ್ಕ ತನ್ನ ಮನೆಯಂಗಳದಲ್ಲಿ ನಿಂತು ಕೈ ಮುಗಿದು, "ಹೆಣ್ ಕೊಡ್ಬೋದೇನವ್ವಾ?" ಎಂದು ಕೇಳಿದಳು. ಅಡ್ಡೆ ಅಲುಗದೆ ನಿಂತಿತು. ಅಕ್ಕ ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಅಡ್ಡೆ ಬಲಕ್ಕೆ ವಾಲಿತು. ನನ್ನ ಕೈಯನ್ನು ತಳ್ಳಿಕೊಂಡು, ಆ ಮೂರು ವಾರಗಳಲ್ಲಿ ಎಂದೂ ವಾಲದಷ್ಟು ವಾಲಿತು.

ದೊಡ್ಡ ಭಾವ ಮುಂದೆ ಬಂದರು. "ತಾಮ್ರ ಹಾಕ್ಸ್ದಾಗಿಂದ ಇದು ಎಲ್ರಿಗೂ ಇಂಗೇ ವಾಲ್ತದೆ ಕಣಮ್ಮಿ. ಇದ್ನ ನಾನ್ ಒಪ್ಪಲ್ಲ."

"ಓದ್ ಸೋಮಾರ ನಿಮ್ ಬೋರ್‌ವೆಲ್ ಜಾಗಕ್ಕೂ ಇಂಗೇ ವಾಲ್ತಲ್ಲ ಬಾವ," ಎಂದಳು ಅಕ್ಕ, ತಲೆ ಬಗ್ಗಿಸಿಕೊಂಡೇ. "ಎರಡಿಂಚು ನೀರ್ ಬಂದದೆ. ಅದುನ್ನೂ ಮುಚ್ಸ್‌ಬುಡಾಣ್ವಾ?"

ಜಗಲಿಯ ಮೇಲಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡ ಭಾವ ಪೀಠವನ್ನು ನೋಡಿದರು, ಅಕ್ಕನನ್ನು ನೋಡಿದರು, ಹೆಗಲ ಮೇಲಿನ ಟವಲ್ಲನ್ನು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರು.

"ಮುಚ್ಸದ್ಯಾಕೆ," ಎಂದರು. "ಹುಡ್ಗನ್ ಕಡೆಯೋರ್ನ ಯಾವತ್ತು ಬರೋಕೇಳಣ, ಅದುನ್ ನೋಡಿ."

ಎಲ್ಲರೂ ದಿನ ಹುಡುಕತೊಡಗಿದರು. ಗುರುವಾರ ಬೇಡ, ಶುಕ್ರವಾರ ಆಗಬಹುದು, ಅಡುಗೆಗೆ ಯಾರನ್ನು ಕರೆಸೋಣ ಎಂದು ಮಾತು ಬೆಳೆಯಿತು. ಅಕ್ಕನ ಮಗಳು ಬಾಗಿಲ ಹಿಂದಿನಿಂದ ಈಚೆಗೆ ಬಂದಿದ್ದಳು. ಅಡ್ಡೆ ಇನ್ನೂ ನಮ್ಮ ಹೆಗಲ ಮೇಲೇ ಇತ್ತು. ಇಳಿಸಿ ಎನ್ನುವುದು ಯಾರಿಗೂ ನೆನಪಾಗಲಿಲ್ಲ.