ಗೌರತ್ತಿಗೆ ಓದಿ ಹೇಳಿದ ಕಾಗದ

ಮೊನ್ನೆ ಸೋಲಾಪುರದ ಮಂಡಿಯಲ್ಲಿ ಒಬ್ಬ ರೈತ ಜೋಳದ ಚೀಲ ಬಿಚ್ಚಿದ. ಹುಳಿ ಬೆರೆತ ಮುಗ್ಗು ವಾಸನೆ ಮೂಗಿಗೆ ಬಡಿಯಿತು. ಹಗೇವಿನ ಜೋಳ! ನೆಲದೊಳಗಿನ ಕಣಜದಲ್ಲಿ ಎರಡು ಮಳೆಗಾಲ ಕಳೆದ ಕಾಳಿಗೆ ಮಾತ್ರ ಆ ವಾಸನೆ. ಜೊತೆಗಿದ್ದ ನನ್ನ ಮಗಳು ಮೂಗು ಮುಚ್ಚಿಕೊಂಡಳು. ನಾನು ಬೊಗಸೆ ತುಂಬ ಹಿಡಿದು ನಿಂತುಬಿಟ್ಟೆ.

ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಸೋಲಾಪುರದ ಗಿರಣಿಯಲ್ಲಿ ಕಾರಕೂನನಾಗಿದ್ದ ಅಪ್ಪ ನನ್ನನ್ನು ಅಕ್ಕಲಕೋಟದ ಹತ್ತಿರದ ಹಳ್ಳಿಗೆ, ತನ್ನ ಅಕ್ಕ ಗೌರತ್ತಿಯ ಬಳಿ ತಂದು ಬಿಟ್ಟ. ಗಂಡ ಸತ್ತು ತವರಿಗೆ ಬಂದಿದ್ದ ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಮನೆ, ಹೊಲ, ದನ ಎಲ್ಲ ಅವಳ ಕೈಯಲ್ಲೇ ನಡೆಯುತ್ತಿತ್ತು. ಮೂರು ವರ್ಷ ನಾನು ಶಾಲೆಯ ಮುಖ ನೋಡಲಿಲ್ಲ. ಏನು ಕಲಿತೆ ಎಂದು ಕೇಳುತ್ತೀರಾ? ಏನು ಕಲಿಯಲಿಲ್ಲ ಎಂದು ಕೇಳಿ. ಕಾಳನ್ನು ಹಲ್ಲಿನಲ್ಲಿ ಕಡಿದು ಹಸಿಯೋ ಒಣಗಿದೆಯೋ ಹೇಳುವುದು, ಸೇರಿನಲ್ಲಿ ಅಳೆಯುತ್ತ ಅಳೆಯುತ್ತ ಮಗ್ಗಿ ಬಾಯಿಗೆ ಬರುವುದು, ಗಬ್ಬದ ಎಮ್ಮೆಯ ನಡಿಗೆ ನೋಡಿ ಯಾವತ್ತು ಈಯುತ್ತದೆ ಎನ್ನುವುದು. ಅತ್ತಿ ಯಾವುದನ್ನೂ ಕೂರಿಸಿಕೊಂಡು ಹೇಳಿಕೊಟ್ಟವಳಲ್ಲ. ಹಗೇವಿನ ಬಾಯಿ ತೆರೆದ ದಿನ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಟ್ಟಳು. ದೀಪ ಪಕ್ಕನೆ ಆರಿತು.

“ಯಾಕ ಆರಿತು, ಅತ್ತಿ?”

“ನನ್ನೇನ್ ಕೇಳ್ತಿ? ನಾಳಿ ಮತ್ತ ಬಿಡೂಣು. ನೀನಽ ನೋಡಿ ಹೇಳು.”

ಮರುದಿನ ಸ್ವಲ್ಪ ಹೊತ್ತು ಉರಿಯಿತು, ಮೂರನೆಯ ದಿನ ಆರಲೇ ಇಲ್ಲ. ಆಮೇಲೆಯೇ ಅತ್ತಿ ಆಳನ್ನು ಒಳಗೆ ಇಳಿಸಿದ್ದು. ದೀಪಕ್ಕೂ ಮನುಷ್ಯನಿಗೂ ಬೇಕಾದದ್ದು ಒಂದೇ ಗಾಳಿ ಎಂದು ನಾನೇ ಕಂಡುಕೊಂಡು ಊರೆಲ್ಲ ಹೇಳಿಕೊಂಡು ಬಂದೆ. ಮುಂದೆ ಮರಾಠಿ ಶಾಲೆಯಲ್ಲಿ ಅದನ್ನೇ ಒಂದು ಸಾಲು ಮಾಡಿ ಹತ್ತು ಸಲ ಬರೆಸಿದರು.

ಹತ್ತನೆಯ ವಯಸ್ಸಿಗೆ ಅಪ್ಪ ನನ್ನನ್ನು ಸೋಲಾಪುರಕ್ಕೆ ಎಳೆದುಕೊಂಡು ಹೋಗಿ ಆ ಶಾಲೆಗೆ ಹಾಕಿದ. ನನಗಿಂತ ಚಿಕ್ಕವರ ನಡುವೆ ಕೂತು, ‘ಅಡಾಣಿ’, ಏನೂ ಬಾರದವಳು ಎನಿಸಿಕೊಂಡೆ. ಹಟಕ್ಕೆ ಬಿದ್ದು ಓದಿದೆ. ಹದಿನಾಲ್ಕಾಗುವಷ್ಟರಲ್ಲಿ ಮನೆಗೆ ಯಾವ ಮರಾಠಿ ಕಾಗದ ಬಂದರೂ ನಾನೇ ಓದಿ ಹೇಳುತ್ತಿದ್ದೆ. ಆ ಬೇಸಿಗೆ ಅಪ್ಪ, ಅವನ ತಮ್ಮ ಕಾಕಾ ಕೂಡಿ ಹಳ್ಳಿಗೆ ಹಕ್ಕಸೋಡ ಪತ್ರ ತಂದರು. ತವರಿನ ಆಸ್ತಿಯಲ್ಲಿ ತನ್ನ ಪಾಲು ಬೇಡವೆಂದು ಹೆಣ್ಣುಮಗಳು ಬರೆದುಕೊಡುವ ಕಾಗದ ಅದು. ನಮ್ಮ ಕಡೆ ಒಂದು ಸೀರೆ ಉಡಿಸಿ, ಹೋಳಿಗೆ ಉಣಿಸಿ ಬರೆಸಿಕೊಳ್ಳುವುದು ರೂಢಿ. ತವರು ಬೇಕಾದವಳು ಒಲ್ಲೆ ಅನ್ನುವುದಿಲ್ಲ. ಅತ್ತಿ ಮಾತ್ರ ಅನ್ನುವವಳೇ. ಅದಕ್ಕೇ ಅಪ್ಪ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದ: “ಬಾವಿ ಮೋಟಾರಿನ ಕಾಗದ ಅನ್ನು. ಇಲ್ಲಾಂದ್ರ ನಿನ್ನ ಸಾಲಿ ಬಂದ್.”

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಅತ್ತಿ ಕಾಗದ ಇಸಿದುಕೊಂಡು ನನ್ನ ಕೈಗೆ ಕೊಟ್ಟಳು. “ಬ್ಯಾರೇದವರು ಓದೂದು ಬ್ಯಾಡ. ನನ್ನ ಕೂಸು ಓದಿ ಹೇಳಲಿ, ಎಲ್ಲಿ ಒತ್ತಂತೀರಿ ಅಲ್ಲಿ ಒತ್ತತೀನಿ.”

ಓದಿದೆ. ಒಂದಕ್ಷರ ಬಿಡದೆ ತಿಳಿಯಿತು. “ಬಾವಿ ಮೋಟಾರಿಂದು ಐತಿ, ಅತ್ತಿ,” ಅಂದೆ. ಒಂದು ಗಳಿಗೆ ನನ್ನನ್ನೇ ನೋಡಿದಳು. ಮರುದಿನ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು. ವರ್ಷ ತುಂಬುವುದರೊಳಗೆ ಹೊಲ ಮಾರಿದರು, ಮನೆ ಕೆಡವಿದರು, ಹಗೇವಿಗೆ ಮಣ್ಣು ತುಂಬಿದರು. ಅತ್ತಿ ಹುಲಜಂತಿಯ ಕಡೆ, ಸತ್ತ ಗಂಡನ ತಮ್ಮನ ಮಗನ ಮನೆ ಸೇರಿದಳು.

ಈಗ ನನ್ನ ಮಗಳು ತನ್ನ ಕೂಸನ್ನು ಶಾಲೆಗೇ ಹಾಕುವುದಿಲ್ಲವಂತೆ. ಬದುಕಿನಿಂದಲೇ ಕಲಿಯಬೇಕು ಎಂದು ಯಾವುದೋ ವಿಡಿಯೋ ತೋರಿಸುತ್ತಾಳೆ. ಖರೆ ಐತಿ ಮಗಳೇ, ನೂರಕ್ಕೆ ನೂರು ಖರೆ. ಆದರೆ ಆ ಕೂಸಿಗೊಬ್ಬ ಗೌರತ್ತಿಯನ್ನು ಎಲ್ಲಿಂದ ತರುತ್ತೀ? ಇದ್ದವಳನ್ನು ನಾವೇ ಕಳೆದೆವಲ್ಲ! ನಾನಂತೂ ಶಾಲೆ ಉಳಿಸಿಕೊಂಡೆ, ಮಾಸ್ತರಿಕೆಯ ನೌಕರಿಯನ್ನೂ ಹಿಡಿದೆ.

ನೌಕರಿ ಸಿಕ್ಕ ವರ್ಷ ಅತ್ತಿಯನ್ನು ಕಾಣಲು ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ.

“ಅವತ್ತಽ ಗೊತ್ತಾಗಿತ್ತು ಬಿಡು,” ಅಂದಳು. “ನಿನ್ನ ಮಾರಿ ನೋಡಿದ್ರ ನನಗ ತಿಳೀದಿಲ್ಲೇನು?”

“ಮತ್ತ ಯಾಕ ಒತ್ತಿದಿ?”

“ಎಲ್ಲಾರ ಮುಂದ ನನ್ನ ಕೂಸಿನ್ನ ಸುಳ್ಳಿ ಮಾಡ್ಲೇನು?”

ಆಮೇಲೆ ಸೆರಗಿನಿಂದ ನನ್ನ ಕಣ್ಣೊರೆಸಿ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲ ಹೊರಗೇ ನಿಂತು, ಆ ಮನೆಯ ಸೊಸೆಯನ್ನು ಮೆಲ್ಲಗೆ ಕೇಳಿದಳು: “ನಮ್ಮ ಹುಡುಗಿ ಬಂದಾಳ. ಒಂದು ರೊಟ್ಟಿ ಕೊಡಲೇನವ್ವಾ?”