ಯುದ್ಧವಿಲ್ಲದ ಪದಕ

ಕಳೆದ ಭಾನುವಾರ ನಾವಿಬ್ಬರೂ ಸ್ಮಶಾನದಲ್ಲಿ ಚಿತ್ರಾನ್ನ ತಿನ್ನಲು ಕೂತಿದ್ದೆವು.

ನಗಬೇಡಿ. ಕೊಲ್ಲಿಯ ದಡ, ಹಸಿರು ಹುಲ್ಲು, ದೊಡ್ಡ ಮರ. ನಾವಿರುವ ಫ್ರೀಮಾಂಟ್‌ನಿಂದ ಅಷ್ಟು ದೂರ ಬಂದ ಹಸಿವು ಬೇರೆ. ಪಾರ್ಕು ಅಂದುಕೊಂಡು ಚಾಪೆ ಹಾಸಿ ಡಬ್ಬಿ ತೆಗೆದೆ. (ಈ ದೇಶದಲ್ಲಿ ಎರಡಕ್ಕೂ ಹುಲ್ಲು ಒಂದೇ ಥರ ಕತ್ತರಿಸುತ್ತಾರೆ. ನಾನೇನು ಮಾಡಲಿ?) ಆಮೇಲೆ ಕಣ್ಣಿಗೆ ಬಿತ್ತು, ಮರದಾಚೆ ಬಿಳಿ ಕಲ್ಲುಗಳ ಸಾಲು.

“ಶಿವ ಶಿವಾ! ಏಳ್ರೀ, ಏಳ್ರೀ!”

“ಇರೇ, ಒಂದ್ನಿಮಿಷ,” ಎಂದರು ನಮ್ಮ ಯಜಮಾನರು. ಒಂದು ಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದವು. ಪಕ್ಕದಲ್ಲೊಂದು ಬೋರ್ಡು. ಓದಿ ಹೇಳಿದರು: ನೂರು ವರ್ಷಕ್ಕೂ ಹಿಂದಿನ ನೌಕಾಪಡೆಯ ನಾವಿಕ, ದೇಶದ ಅತಿ ದೊಡ್ಡ ಪದಕ ಪಡೆದವನು.

“ಯಾವ ಯುದ್ಧದಲ್ಲಂತೆ?”

“ಯುದ್ಧಾನೇ ಇರ್ಲಿಲ್ವಂತೆ ಕಣೇ. ಜೊತೆಗಾರ ಹಡಗಿಂದ ನೀರಿಗೆ ಬಿದ್ದ. ಇವನು ಹಿಂದೇನೇ ಹಾರಿ ಎತ್ಕೊಂಡು ಬಂದ. ಅಷ್ಟೇ.”

ಅಷ್ಟೇನಾ? ಹಸಿವು ಮರೆತು ನಿಂತೆ. ಬಿದ್ದವನು ಸ್ನೇಹಿತನೋ, ಹಿಂದಿನ ದಿನ ಜಗಳವಾಡಿದವನೋ? ಹಾರುವ ಮುಂಚೆ ಯೋಚಿಸಿದನೇ? ಶೂ ಬಿಚ್ಚಿದನೇ? ಬೋರ್ಡಿನಲ್ಲಿ ಅದೇನೂ ಇರಲಿಲ್ಲ.

ಮನೆಗೆ ಬಂದು ಇಬ್ಬರೂ ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿದ್ದಾಯಿತು. ಆಮೇಲೂ ನನ್ನ ತಲೆಯಲ್ಲಿ ಅವನೇ.

ಯಾಕೆ ಗೊತ್ತೇ? ನಮ್ಮ ಎದುರಿನ ಅಪಾರ್ಟ್‌ಮೆಂಟಿನ ಮಂಜು. ಅವನ ಡಾಟ್‌ಕಾಂ ಕಂಪನಿ ಬಾಗಿಲು ಹಾಕಿದೆ. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಯಿತು, ಗಂಟುಮೂಟೆ ಕಟ್ಟಬೇಕು. ಹೆಂಡತಿ ತುಂಬು ಬಸುರಿ. “ನಿಮ್ಮ ಮ್ಯಾನೇಜರ್ ಹತ್ರ ಒಂದ್ಮಾತು ಹೇಳಿ, ಅಣ್ಣಾ,” ಎಂದು ಇವರನ್ನು ಕೇಳಿದ್ದ.

“ನಮ್ಮಲ್ಲೇ ಲೇಆಫು ಅಂತಿದಾರೆ. ಈಗ ಬಾಯಿ ಬಿಟ್ರೆ ಅವರಿಗೆ ಮೊದಲು ನೆನಪಾಗೋದು ನನ್ನ ಹೆಸರೇ,” ಎಂದು ಇವರು ದಿನ ತಳ್ಳುತ್ತಿದ್ದರು. ಸುಳ್ಳೇನಲ್ಲ. ಆ ಹೆದರಿಕೆ ನನಗೂ ಇತ್ತು.

ಆ ರಾತ್ರಿ ಅನ್ನ ಬಡಿಸುತ್ತಾ ಕೇಳಿದೆ, “ಶೂ ಬಿಚ್ಚಿದ್ದನೇನ್ರೀ?”

“ಯಾರೇ?”

“ಆ ನಾವಿಕ.”

ಇವರು ತಲೆ ತಗ್ಗಿಸಿ ಉಂಡರು.

ಸೋಮವಾರ ಸಂಜೆ ಬಾಗಿಲು ತೆರೆದವರೇ ಸೀದಾ ಅಡುಗೆಮನೆಗೆ ಬಂದರು. “ಹೇಳ್ದೆ ಕಣೇ. ಮ್ಯಾನೇಜರು ಹೂಂ ಅನ್ಲಿಲ್ಲ. ಆದ್ರೆ ಮಂಜು ರೆಸ್ಯೂಮೆ ಕಳಿಸು ಅಂದ್ರು.”

ಇಷ್ಟಾದರೂ ಆಯಿತಲ್ಲ ಎಂದು ದೇವರ ಗೂಡಿನತ್ತ ತಿರುಗಿ ಕೈಮುಗಿದೆ. ಕಣ್ಣು ಕೆಳಗಿಳಿಸಿದರೆ, ನಾನು ಒರೆಸಿಟ್ಟ ನೆಲದ ಮೇಲೆ ಇವರು ಶೂ ಹಾಕಿಕೊಂಡೇ ನಿಂತಿದ್ದಾರೆ! ಮದುವೆಯಾದಾಗಿನಿಂದ ಬಾಗಿಲಾಚೆ ಬಿಡದೆ ಒಳಗೆ ಕಾಲಿಟ್ಟವರಲ್ಲ. ನಾನೂ ಬಯ್ಯಲಿಲ್ಲ.

ಆ ನಾವಿಕನೂ ಬಿಚ್ಚಿರಲಿಕ್ಕಿಲ್ಲ, ಅಲ್ಲವೇ?