ರಾಯರ ಮಗನ ಹೆಸರು

ರಾಯರೇ, ಆ ದಿನ ಕಾರಿನಲ್ಲಿ ನಿಮ್ಮ ಮಗನ ಹೆಸರನ್ನು ಯಾರೂ ಹೇಳಲಿಲ್ಲ. ನೀವು ಎಳ್ಳುನೀರು ಬಿಟ್ಟದ್ದು ಬೇರೆ ಯಾರದೋ ಹೆಸರಿಗೆ. ಗೊತ್ತಿದ್ದೂ ಬಿಡಿಸಿದವನು ನಾನು.

ತೊಂಬತ್ತರ ದಶಕದ ಆರಂಭ. ಗಂಗೆಯ ದಡದ ಕೇದಾರ ಘಾಟಿನಲ್ಲಿ ಪೌರೋಹಿತ್ಯ ಮಾಡುತ್ತಿದ್ದ ನನ್ನಪ್ಪ ಜ್ವರದಿಂದ ಮಲಗಿದ್ದರು. ನನಗೋ ಮಂತ್ರ ಬಾಯಿಗೆ ಬಾರದು—ಕಲಿ ಎಂದು ಅವರು ಗೋಗರೆದಾಗಲೆಲ್ಲ ಊರಾಚೆಯ ಲಂಕಾ ಪೇಟೆಯ ಕಡೆಗೆ ಸೈಕಲ್ ತುಳಿದವನು. ತೀರಿಹೋದ ಮಗನ ತರ್ಪಣಕ್ಕೆಂದು ಬಂದ ನಿಮಗೆ ಸಂಜೆಯೇ ರೈಲು, ಘಾಟಿನ ಮೆಟ್ಟಿಲಿಳಿಯಲು ಕಾಲು ಬಾರದು. ಬೇರೆ ಪುರೋಹಿತರನ್ನು ಕರೆದರೆ ಮನೆಯ ಮರ್ಯಾದೆ ಹೋದೀತೆಂದು—ಬರೀ ಜಂಬ, ಮತ್ತೇನೂ ಅಲ್ಲ—ಸುಳ್ಳು ಹೇಳಿದೆ: "ಅಪ್ಪ ಮಲಗಿದ್ದಲ್ಲೇ ನಿಮ್ಮ ಮಗನ ಹೆಸರು ಹೇಳಿ ಮಂತ್ರದ ಕ್ಯಾಸೆಟ್ ಮಾಡಿಕೊಟ್ಟಿದ್ದಾರೆ." ಆ ಹೆಸರು ಅಪ್ಪನಿಗೆ ಹೇಗೆ ಗೊತ್ತೆಂದು ನೀವು ಕೇಳಲಿಲ್ಲ, ನಂಬಿದಿರಿ.

ಆ ಕ್ಯಾಸೆಟ್ ಹಳೆಯದು. ಇನ್ನೊಂದು ಮನೆಯವರ ತರ್ಪಣದಲ್ಲಿ, ಕಲಿಯುವ ನೆಪಕ್ಕೆ ಅಪ್ಪನ ದನಿಯನ್ನು ನಾನು ತುಂಬಿಕೊಂಡದ್ದು.

ಘಾಟಿನ ಕಡೆಗೆ ಕಾರು ಹೋಗುವಷ್ಟು ದೂರ ಹೋಗಿ ನಿಂತೆವು. ಹಿಂದಿನ ಸೀಟಿನಲ್ಲಿ ನೀವು, ಮಡಿಲಲ್ಲಿ ತಟ್ಟೆ, ಪಕ್ಕದಲ್ಲಿ ಗಂಗೆಯ ನೀರು. ನನ್ನ ವಾಕ್‌ಮನ್ನಿನಿಂದ ಒಂದು ವೈರು. ಅದರ ತುದಿಯ ಕ್ಯಾಸೆಟ್ಟಿನಂಥ ಸಾಧನವನ್ನು ಕಾರಿನ ಸ್ಟೀರಿಯೋದೊಳಗೆ ತಳ್ಳಿದ್ದೆ. ಅಪ್ಪನ ದನಿ ಇರುವೆಯಷ್ಟು. ಡ್ರೈವರ್ ಸ್ಟೀರಿಯೋದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಬುಸ್ಸೆನ್ನುವ ಸದ್ದೇ ಹೆಚ್ಚಾಯಿತು. ದನಿ ಹೇಗೆ ಬಂದೀತು? ಆ ಬೇರೆ ಹೆಸರು ನಿಮಗೆ ಕೇಳಬಾರದೆಂದು ವಾಕ್‌ಮನ್ನಿನ ವಾಲ್ಯೂಮನ್ನೇ ನಾನು ತಗ್ಗಿಸಿಟ್ಟಿದ್ದೆ.

"ಸ್ವಲ್ಪ ಜೋರು ಮಾಡಪ್ಪ," ಎಂದಿರಿ. "ನನ್ನ ಮಗನ ಹೆಸರೊಂದು ಕಿವಿಗೆ ಬಿದ್ರೆ ಸಾಕು."

"ಆವಾಜ್ ಇಷ್ಟೇ ಬರೋದು ರಾಯರೇ. ಸ್ಟೀರಿಯೋ ಖರಾಬ್ ಆಗಿದೆ."

ಖರಾಬ್ ಎಂದ ಅಷ್ಟು ಮಾತು ಕನ್ನಡ ಬಾರದ ಡ್ರೈವರಿಗೂ ತಿಳಿಯಿತು. "ಅರೆ ಭೈಯಾ, ಖರಾಬ್ ನಹೀ ಹೈ! ಇಸೀ ಕಾ ವಾಲ್ಯೂಮ್ ಬಢಾಓ ನಾ," ಎಂದು ವಾಕ್‌ಮನ್ನಿನ ದನಿ ಏರಿಸಲು ಕೈ ಹಾಕಿದ. ಹೆಸರಿನ ಸಾಲು ಶುರುವಾಗಿತ್ತು. ಅವನ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದೆ. ಆಗಲಾದರೂ ನಿಲ್ಲಿಸಿ, ಮಗನ ಹೆಸರೇನು ಎಂದು ಕೇಳಬಹುದಿತ್ತು—ಕೇಳಿದರೆ ಸುಳ್ಳು ಬಯಲಾಗುತ್ತಿತ್ತು—ಸಾಲು ದಾಟಿಹೋಯಿತು. ನಿಮ್ಮ ಹೆಬ್ಬೆರಳ ಸಂದಿಯಿಂದ ನೀರು ತಟ್ಟೆಗಿಳಿಯಿತು.

ನೀವು ಕಣ್ಣೊರೆಸಿಕೊಂಡು ನನ್ನ ತಲೆ ಮುಟ್ಟಿದಿರಿ. "ಕೇಳಿಸ್ತು ಬಿಡಪ್ಪ. ಅವನ ಹೆಸರೇ."

ಬೈದಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆನೇನೋ.

ಆಮೇಲೆ ಅಪ್ಪನ ಕಾಲ ಬುಡದಲ್ಲಿ ಕೂತು ಮಂತ್ರ ಕಲಿತೆ. ಪ್ರತಿ ಅಮಾವಾಸ್ಯೆ ನದಿಗಿಳಿದು, ನಿಮ್ಮ ಮಗನಿಗೆಂದು ಬೊಗಸೆಯಲ್ಲಿ ನೀರು ತುಂಬಿಕೊಳ್ಳುತ್ತೇನೆ. ಹೆಸರು ಹೇಳಬೇಕಾದಲ್ಲಿ ಬಂದು ನಿಲ್ಲುತ್ತೇನೆ. ಆ ಹೆಸರನ್ನು ನಿಮ್ಮಲ್ಲಿ ನಾನು ಕೇಳಲೇ ಇಲ್ಲ, ರಾಯರೇ.